ಸರ್ಚ್ ರ‍್ಯಾಂಕಿಂಗ್ ಓದುತ್ತಾ ಇಂಗ್ಲಿಷ್ ಗ್ರಾಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ವೆಬ್‌ಸೈಟ್‌ಗಳಿಗೆ ಬರೆಯುವುದು, ಅವು ಗೂಗಲ್‌ನಲ್ಲಿ ಯಾಕೆ ಕಾಣುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವುದು ನನ್ನ ಕೆಲಸ. ಇಂಗ್ಲಿಷ್ ಗ್ರಾಮರ್ ನನ್ನ ತಲೆಗೆ ಹತ್ತಿದ್ದು ಶಾಲೆಯಲ್ಲಲ್ಲ, ಈ ಕೆಲಸದ ಡಾಕ್ಯುಮೆಂಟ್‌ಗಳನ್ನು ಓದುತ್ತಾ. ಇದನ್ನು ಎಲ್ಲೋ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು, ಅಂದಿನಿಂದ ಎಲ್ಲರದ್ದೂ ಇವೇ ಪ್ರಶ್ನೆಗಳು. ವಾಯ್ಸ್ ನೋಟ್ ಕಳಿಸಿ ಕಳಿಸಿ ಗಂಟಲು ಒಣಗಿತು, ಅದಕ್ಕೇ ಬರೆದು ಹಾಕಿದ್ದೇನೆ.

ಗ್ರಾಮರ್ ಕಲಿಯಲು ಗ್ರಾಮರ್ ಪುಸ್ತಕ ಇದೆಯಲ್ಲ? ಸರ್ಚ್ ರ‍್ಯಾಂಕಿಂಗ್ ಯಾಕೆ?

ಪುಸ್ತಕ ಇದೆ, ಇರಲಿ. ಆದರೆ ಅದರಲ್ಲಿ ಏನಿರುತ್ತದೆ? ‘ರಾಮ ಕಿಲ್ಡ್ ರಾವಣ’, ಅದನ್ನು ಪ್ಯಾಸಿವ್ ಮಾಡಿದರೆ ‘ರಾವಣ ವಾಸ್ ಕಿಲ್ಡ್ ಬೈ ರಾಮ’. ಎರಡರಲ್ಲೂ ಸತ್ತದ್ದು ರಾವಣನೇ. ಮತ್ತೆ ಎರಡನೆಯದು ಯಾಕೆ ಬೇಕು ಅಂತ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ, ಎರಡು ಮಾರ್ಕ್ಸ್ ಬಂದರೆ ಸಾಕಿತ್ತು.

ಸರ್ಚ್ ಬಗ್ಗೆ ಬರೆದದ್ದನ್ನು ಓದುವಾಗ ಹಾಗಲ್ಲ. ‘ದ ಪೇಜ್ ವಾಸ್ ಕ್ರಾಲ್ಡ್’ ಅನ್ನುವಲ್ಲಿ ಯಾರು ಕ್ರಾಲ್ ಮಾಡಿದರು, ಅಂದರೆ ಬಂದು ಓದಿಕೊಂಡು ಹೋದರು, ಅನ್ನೋದು ಬೇಕಿಲ್ಲ, ಪೇಜಿಗೆ ಏನಾಯಿತು ಅನ್ನೋದು ಬೇಕು. ಪ್ಯಾಸಿವ್ ಹುಟ್ಟಿದ್ದೇ ಇಂಥ ಕಡೆಗೆ. ಇನ್ನೊಂದು ಅನುಕೂಲ, ಇಲ್ಲಿ ಪದಗಳು ಕಡಿಮೆ: ಕ್ರಾಲ್, ಫೆಚ್ (ತರುವುದು), ಪಾರ್ಸ್ (ಬಿಡಿಸಿ ಓದುವುದು), ಇಂಡೆಕ್ಸ್, ರ‍್ಯಾಂಕ್, ರಿಟರ್ನ್, ಲಿಂಕ್. ಇವೇ ಕ್ರಿಯಾಪದಗಳು ಹಿಂದೆ ಮುಂದೆ ತಿರುಗಿ ಬರುತ್ತವೆ. ಡಿಕ್ಷನರಿ ತಿರುವುವ ಕೆಲಸ ಬೇಗ ಮುಗಿಯುತ್ತದೆ, ಗಮನವೆಲ್ಲ ವಾಕ್ಯದ ಕಟ್ಟಡದ ಮೇಲೆ ಇಡಬಹುದು. ತಪ್ಪು ಓದಿದರೆ ಸೈಟ್ ಕೆಡುತ್ತದೆ ಅನ್ನುವ ಭಯವೂ ಒಂದು ಒಳ್ಳೆಯ ಮೇಷ್ಟ್ರು.

ನನಗೆ ಟೆಕ್ನಿಕಲ್ ಏನೂ ಗೊತ್ತಿಲ್ಲ. ಆಗುತ್ತಾ?

ಆಗುತ್ತದೆ. ಸರ್ಚ್ ಇಂಜಿನ್ ಮಾಡುವುದು ಮುಖ್ಯವಾಗಿ ಮೂರು ಕೆಲಸ. ಒಂದು, ಲಿಂಕ್ ಹಿಡಿದುಕೊಂಡು ಪೇಜಿನಿಂದ ಪೇಜಿಗೆ ಹೋಗಿ ಎಲ್ಲವನ್ನೂ ಓದಿಕೊಂಡು ಬರುವುದು, ಅದು ಕ್ರಾಲಿಂಗ್. ಎರಡು, ದಪ್ಪ ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಅಂತ ಪಟ್ಟಿ ಇರುತ್ತದಲ್ಲ, ಅಂಥ ಪಟ್ಟಿ ಮಾಡುವುದು, ಅದು ಇಂಡೆಕ್ಸಿಂಗ್. ಮೂರು, ನೀವು ಏನಾದರೂ ಹುಡುಕಿದಾಗ ಆ ಪಟ್ಟಿಯಿಂದ ತೆಗೆದು, ಯಾವುದು ಮೇಲೆ, ಯಾವುದು ಕೆಳಗೆ ಅಂತ ಜೋಡಿಸುವುದು, ಅದು ರ‍್ಯಾಂಕಿಂಗ್. ಸದ್ಯಕ್ಕೆ ಇಷ್ಟು ಸಾಕು.

ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೀರಲ್ಲ, ಏನಿದು?

ಬೇಕಂತಲೇ ಬರೆದದ್ದು. ಇಂಗ್ಲಿಷ್ ಅಕ್ಷರದಲ್ಲಿದ್ದರೆ ಕಣ್ಣು ಸುಮ್ನೆ ಮೇಲಿಂದ ಮೇಲೆ ಜಾರಿ ಹೋಗುತ್ತದೆ. ಕನ್ನಡದಲ್ಲಿದ್ದರೆ ಒಂದೊಂದು ಪದವನ್ನೂ ಬಾಯಲ್ಲಿ ಹೇಳಲೇಬೇಕಾಗುತ್ತದೆ, ಆಗ ಸಣ್ಣ ಪದ ತಪ್ಪಿಸಿಕೊಳ್ಳುವುದಿಲ್ಲ. ಅಭ್ಯಾಸ ಮಾಡುವಾಗ ನೀವು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಇನ್ನೊಂದು ಲಾಭ ಇದೆ, ಮುಂದಿನ ಉತ್ತರ ನೋಡಿ.

‘ಎ’, ‘ಆ್ಯನ್’, ‘ದ’: ಇವು ಮೂರೂ ನನಗೆ ಜನ್ಮದಲ್ಲಿ ಬರಲ್ಲ. ಏನು ಮಾಡಲಿ?

ಬರುತ್ತವೆ. ‘ಆ್ಯನ್’ ಸಮಸ್ಯೆಯನ್ನು ಮೊದಲು ಮುಗಿಸೋಣ. ಮುಂದಿನ ಪದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಎಸ್‌ಇಒ (ಸರ್ಚ್‌ನಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವ ಕೆಲಸ) ಟೂಲ್: ‘ಎ’ಕಾರ, ಸ್ವರ, ಹಾಗಾಗಿ ‘ಆ್ಯನ್ ಎಸ್‌ಇಒ ಟೂಲ್’. ಯುಆರ್‌ಎಲ್, ಅಂದರೆ ಪೇಜಿನ ವಿಳಾಸ: ‘ಯ’, ವ್ಯಂಜನ, ಹಾಗಾಗಿ ‘ಎ ಯುಆರ್‌ಎಲ್’. ಇಂಗ್ಲಿಷಿನಲ್ಲಿ ಅದು ಯು ಅಕ್ಷರದಿಂದ ಶುರುವಾಗುತ್ತದೆ, ಯು ಅಂದರೆ ವವೆಲ್ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಅದಕ್ಕೇ ಅರ್ಧ ಜನ ‘ಆ್ಯನ್ ಯುಆರ್‌ಎಲ್’ ಅಂತ ಬರೆಯುತ್ತಾರೆ. ಕನ್ನಡ ಲಿಪಿ ಸುಳ್ಳು ಹೇಳುವುದಿಲ್ಲ, ಅದು ಉಚ್ಚಾರವನ್ನೇ ಬರೆಯುತ್ತದೆ. ‘ಎ ಯೂನಿಕ್ ಟೈಟಲ್’, ‘ಎ ಯೂಸರ್’, ‘ಆ್ಯನ್ ಅವರ್’, ‘ಎ 404’ (ಪೇಜ್ ಸಿಗಲಿಲ್ಲ ಅಂತ ಸರ್ವರ್ ಕೊಡುವ ಸಂಖ್ಯೆ), ಯಾಕೆಂದರೆ ಅದು ಫೋರ್ ಅಂತ ಶುರು.

ಒಂದು ಕಡೆ ಮಾತ್ರ ಎಡವುತ್ತೇವೆ. ವೆಬ್ ಪೇಜ್ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಅನ್ನು ನಮ್ಮಲ್ಲಿ ಬಹಳ ಜನ ‘ಹೆಚ್‌ಟಿಎಂಎಲ್’ ಅಂತಾರೆ, ಹಾಗೇ ಬರೆಯುತ್ತಾರೆ ಕೂಡ. ಡಾಕ್ಯುಮೆಂಟ್ ಬರೆಯುವವರು ‘ಎಚ್’ ಅಂತ ಲೆಕ್ಕ ಹಾಕಿ ‘ಆ್ಯನ್ ಎಚ್‌ಟಿಎಂಎಲ್ ಪೇಜ್’ ಅಂತ ಬರೆದಿರುತ್ತಾರೆ. ಬರೆಯುವಾಗಲಾದರೂ ಹ ಬಿಡಿ.

ಈಗ ‘ಎ’ ಮತ್ತು ‘ದ’. ಅಜ್ಜಿ ಕಥೆ ನೆನಪು ಮಾಡಿಕೊಳ್ಳಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.’ ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’. ಸರ್ಚ್ ಡಾಕ್ಯುಮೆಂಟ್‌ನಲ್ಲೂ ಅದೇ ಕಥೆ: ‘ಎ ಕ್ರಾಲರ್ ಫೆಚಸ್ ಎ ಪೇಜ್. ದ ಪೇಜ್ ಈಸ್ ಪಾರ್ಸ್ಡ್. ದ ಕ್ರಾಲರ್ ಫಾಲೋಸ್ ದ ಲಿಂಕ್ಸ್.’ ಲಿಂಕ್ಸ್ ಮೊದಲ ಸಲ ಬಂದಿದ್ದರೂ ಅಲ್ಲಿ ‘ದ’ ಯಾಕೆ? ಯಾವ ಲಿಂಕು ಅಂತ ಗೊತ್ತಿದೆ, ಆ ಪೇಜಿನಲ್ಲಿ ಇರುವವು. ರಾಜ ಅಂದ ಮೇಲೆ ಅರಮನೆ ಇರಲೇಬೇಕಲ್ಲ, ಹಾಗೆ. ಎಲ್ಲ ಕಡೆಗೂ ಈ ಸೂತ್ರ ನಡೆಯುವುದಿಲ್ಲ, ಆದರೆ ಹತ್ತರಲ್ಲಿ ಏಳು ಕಡೆ ಕೈ ಬಿಡುವುದಿಲ್ಲ ಅನ್ನೋದು ನನ್ನ ಅನುಭವ.

ಇನ್, ಆನ್, ಆ್ಯಟ್, ಟು, ಫಾರ್: ಈ ಸಣ್ಣ ಪದ ತಪ್ಪಿದರೆ ಏನಾಗುತ್ತದೆ? ಅರ್ಥ ಆಗುತ್ತದಲ್ಲ?

ಈ ಪ್ರಶ್ನೆ ಸರ್ಚ್ ಇಂಜಿನ್ ಮಾಡುವವರಿಗೂ ಇತ್ತು, ತಮಾಷೆ ಅಲ್ಲ. 1972ರಲ್ಲಿ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ಸರಳ ಮಾತು ಬರೆದರು. ಎಲ್ಲ ದಾಖಲೆಗಳಲ್ಲೂ ಇರುವ ಪದದಿಂದ ಹುಡುಕಾಟಕ್ಕೆ ಹೆಚ್ಚು ಉಪಯೋಗ ಇಲ್ಲ, ಕೆಲವೇ ದಾಖಲೆಗಳಲ್ಲಿ ಇರುವ ಪದಕ್ಕೆ ತೂಕ ಜಾಸ್ತಿ ಕೊಡಬೇಕು. ಇದು ಇವತ್ತಿಗೂ ಸರ್ಚ್‌ನ ಅಡಿಪಾಯಗಳಲ್ಲಿ ಒಂದು. ಈ ಲೆಕ್ಕದಲ್ಲಿ ‘ಟು’, ‘ಫಾರ್’, ‘ದ’ ಎಲ್ಲ ಹೊಟ್ಟು. ಎಷ್ಟೋ ಸಿಸ್ಟಂಗಳು ಇವನ್ನು ಸ್ಟಾಪ್ ವರ್ಡ್ಸ್ ಅಂತ ತೂರಿಬಿಡುತ್ತಿದ್ದವು.

ಆಮೇಲೆ 2019ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಸರ್ಚ್‌ಗೆ ಬರ್ಟ್ ಎಂಬ ಮಾಡೆಲ್ ಸೇರಿಸಿತು. ಆಗ ಅವರು ಕೊಟ್ಟ ಉದಾಹರಣೆ ನನಗೆ ಬಾಯಿಪಾಠ: ‘2019 ಬ್ರೆಜಿಲ್ ಟ್ರಾವೆಲರ್ ಟು ಯುಎಸ್‌ಎ ನೀಡ್ ಎ ವೀಸಾ’. ಹುಡುಕಿದವರು ಬ್ರೆಜಿಲ್‌ನವರು, ಹೋಗಬೇಕಾಗಿರುವುದು ಅಮೆರಿಕಕ್ಕೆ. ಆದರೆ ಮೊದಲು ಬರುತ್ತಿದ್ದದ್ದು ಅಮೆರಿಕದವರು ಬ್ರೆಜಿಲ್‌ಗೆ ಹೋಗುವ ಸುದ್ದಿ. ಯಾಕೆ? ‘ಟು’ಗೆ ಬೆಲೆ ಇರಲಿಲ್ಲ. ಬರ್ಟ್ ಒಂದು ಪದದ ಹಿಂದಿನ ಮುಂದಿನ ಎರಡೂ ಕಡೆಯ ಪದಗಳನ್ನು ನೋಡಿ ಅರ್ಥ ಮಾಡುತ್ತದೆ, ಹಾಗಾಗಿ ಆ ‘ಟು’ ಯಾವ ಕಡೆ ಮುಖ ಮಾಡಿದೆ ಅಂತ ಅದಕ್ಕೆ ತಿಳಿಯಿತು.

ಕನ್ನಡದಲ್ಲಿ ಈ ಕೆಲಸ ಮಾಡುವುದು ‘ಕ್ಕೆ’. ‘ಅಮೆರಿಕಕ್ಕೆ’ ಅಂದ ಮೇಲೆ ಪದಗಳನ್ನು ಹೇಗೆ ಬೇಕಾದರೂ ಅದಲುಬದಲು ಮಾಡಿ, ದಿಕ್ಕು ತಪ್ಪುವುದಿಲ್ಲ. ಇಂಗ್ಲಿಷಿನವರಿಗೆ ಈ ಕೆಲಸಕ್ಕೆ ಪ್ರತ್ಯಯ ಇಲ್ಲ, ಪಾಪ, ಅವರು ಒಂದು ಬಿಡಿ ಪದವನ್ನು ಮುಂದೆ ನಿಲ್ಲಿಸುತ್ತಾರೆ. ಹಾಗಾಗಿ ಪ್ರಿಪೊಸಿಷನ್ ಕಲಿಯುವಾಗ ನಾನು ನಮ್ಮ ವಿಭಕ್ತಿಯಿಂದಲೇ ಹೊರಡುತ್ತೇನೆ, ಆಮೇಲೆ ಎಲ್ಲಿ ಹಾದಿ ಬೇರೆಯಾಗುತ್ತದೆ ಅಂತ ನೋಡುತ್ತೇನೆ.

ನಮ್ಮ ‘ಅಲ್ಲಿ’ ಒಂದೇ. ಇಂಗ್ಲಿಷಿನಲ್ಲಿ ಅದು ಮೂರು ಚೂರಾಗುತ್ತದೆ: ಇಂಡೆಕ್ಸ್‌ನಲ್ಲಿ, ‘ಇನ್ ದಿ ಇಂಡೆಕ್ಸ್’; ಪೇಜಿನಲ್ಲಿ, ‘ಆನ್ ದ ಪೇಜ್’; ಈ ಯುಆರ್‌ಎಲ್‌ನಲ್ಲಿ, ‘ಆ್ಯಟ್ ದಿಸ್ ಯುಆರ್‌ಎಲ್’. ಒಳಗೆ, ಮೇಲೆ, ಒಂದು ಬಿಂದುವಿನಲ್ಲಿ. ಈ ಮೂರನ್ನು ಗೋಡೆಗೆ ಅಂಟಿಸಿಕೊಂಡರೆ ಬಹಳ ಕೆಲಸ ಆಯಿತು.

‘ಇಂದ’ ಇನ್ನೂ ತುಂಟ. ‘ಮಾರ್ಚ್‌ನಿಂದ’ ಅಂದರೆ ‘ಸಿನ್ಸ್ ಮಾರ್ಚ್’. ‘ಎರಡು ತಿಂಗಳಿಂದ’ ಅಂದರೆ ‘ಫಾರ್ ಟು ಮಂತ್ಸ್’. ಕನ್ನಡದಲ್ಲಿ ಎರಡೂ ‘ಇಂದ’, ಅದಕ್ಕೇ ನಮ್ಮ ಆಫೀಸ್ ಮೇಲ್‌ಗಳಲ್ಲಿ ‘ಸಿನ್ಸ್ ಟು ಮಂತ್ಸ್’ ತುಂಬಿ ತುಳುಕುತ್ತದೆ.

‘ಗೂಗಲ್‌ಗೆ ಹೇಳು’ ಅಂದರೆ ‘ಟೆಲ್ ಗೂಗಲ್’, ನಡುವೆ ‘ಟು’ ಇಲ್ಲ. ‘ರ‍್ಯಾಂಕಿಂಗ್ ಬಗ್ಗೆ ಚರ್ಚಿಸಿದೆವು’ ಅಂದರೆ ‘ವಿ ಡಿಸ್ಕಸ್ಡ್ ರ‍್ಯಾಂಕಿಂಗ್’, ‘ಅಬೌಟ್’ ಬೇಡ, ಆ ‘ಬಗ್ಗೆ’ ಡಿಸ್ಕಸ್ ಅನ್ನುವ ಪದದ ಹೊಟ್ಟೆಯಲ್ಲೇ ಇದೆ. ಮತ್ತೆ ‘ಡಿಪೆಂಡ್ಸ್ ಆನ್’, ‘ಬೇಸ್ಡ್ ಆನ್’: ಇಲ್ಲಿ ನಮ್ಮ ‘ಮೇಲೆ’ ನೇರವಾಗಿ ಹೊಂದುತ್ತದೆ, ಖುಷಿಪಡಿ.

‘ಪೇಜಸ್ ದಟ್ ಲಿಂಕ್ ಟು’ ಮತ್ತು ‘ಪೇಜಸ್ ದಟ್ ಇಟ್ ಲಿಂಕ್ಸ್ ಟು’: ಎರಡೂ ಒಂದೇ ಅಲ್ವಾ?

ಅಲ್ಲ! ಇಡೀ ಪುಟದಲ್ಲಿ ನನಗೆ ಪ್ರೀತಿಯ ಪ್ರಶ್ನೆ ಇದೇ, ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್, ತಮ್ಮ ಸರ್ಚ್ ಇಂಜಿನ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದೇ ಗೂಗಲ್. ಅದರ ಜೀವ ಪೇಜ್‌ರ‍್ಯಾಂಕ್. ತತ್ವ ಇಷ್ಟೇ: ಒಂದು ಪೇಜಿನ ಬೆಲೆಯನ್ನು ಅದು ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಅನ್ನುವುದರಿಂದ ತಿಳಿಯಬೇಡಿ, ಅದಕ್ಕೆ ಯಾರು ಯಾರು ಲಿಂಕ್ ಕೊಟ್ಟಿದ್ದಾರೆ, ಆ ಕೊಟ್ಟವರ ಬೆಲೆ ಎಷ್ಟು ಅಂತ ನೋಡಿ. ಲಿಂಕ್ ಕೊಡುವ ಪೇಜು ತನ್ನ ಬೆಲೆಯನ್ನು ತಾನು ಲಿಂಕ್ ಮಾಡಿದ ಎಲ್ಲರಿಗೂ ಪಾಲು ಹಂಚುತ್ತದೆ. ಹಾಗಾಗಿ ಲಿಂಕ್‌ಗೆ ದಿಕ್ಕು ಇದೆ. ಬರುವ ಲಿಂಕ್ ಬೇರೆ, ಹೋಗುವ ಲಿಂಕ್ ಬೇರೆ.

ಈಗ ವಾಕ್ಯ ನೋಡಿ. ‘ಪೇಜಸ್ ದಟ್ ಲಿಂಕ್ ಟು ದಿಸ್ ಪೇಜ್’: ಈ ಪುಟಕ್ಕೆ ಲಿಂಕ್ ಕೊಡುವ ಪುಟಗಳು. ‘ಪೇಜಸ್ ದಟ್ ದಿಸ್ ಪೇಜ್ ಲಿಂಕ್ಸ್ ಟು’: ಈ ಪುಟ ಲಿಂಕ್ ಕೊಡುವ ಪುಟಗಳು. ಕನ್ನಡದಲ್ಲಿ ವ್ಯತ್ಯಾಸ ಒಂದು ‘ಕ್ಕೆ’. ಇಂಗ್ಲಿಷಿನಲ್ಲಿ ಪದಗಳು ಹೆಚ್ಚುಕಡಿಮೆ ಅವೇ, ಕೂತ ಜಾಗ ಬೇರೆ, ಜೊತೆಗೆ ಒಂದು ಎಸ್. ಮೊದಲನೆಯವು ನಿಮಗೆ ಬೆಲೆ ತರುತ್ತವೆ. ಎರಡನೆಯವು ನಿಮ್ಮಿಂದ ಪಾಲು ತೆಗೆದುಕೊಳ್ಳುತ್ತವೆ. ತಿರುಗುಮುರುಗು ಓದಿದರೆ ಇಡೀ ಪೇಜ್‌ರ‍್ಯಾಂಕ್ ತಲೆಕೆಳಗಾಗುತ್ತದೆ.

ನಮಗೆ ಇದು ಯಾಕೆ ಕಷ್ಟ ಗೊತ್ತಾ? ಕನ್ನಡದಲ್ಲಿ ಇಂಥ ವಿವರಣೆಯೆಲ್ಲ ನಾಮಪದಕ್ಕಿಂತ ಮುಂಚೆ ಬರುತ್ತದೆ, ‘ಲಿಂಕ್ ಕೊಟ್ಟ ಪುಟ’. ಇಂಗ್ಲಿಷಿನಲ್ಲಿ ನಾಮಪದ ಮೊದಲು, ವಿವರಣೆ ಬಾಲದ ಹಾಗೆ ಹಿಂದೆ. ಸಾಲದ್ದಕ್ಕೆ ನಮ್ಮ ‘ಲಿಂಕ್ ಕೊಟ್ಟ ಪುಟ’ದಲ್ಲೇ ಗೊಂದಲ ಇದೆ: ಆ ಪುಟ ಲಿಂಕ್ ಕೊಟ್ಟಿತೋ, ಅದಕ್ಕೆ ಯಾರೋ ಲಿಂಕ್ ಕೊಟ್ಟರೋ? ‘ಹುಲಿ ಕೊಂದ ಬೇಟೆಗಾರ’ ಅಂದರೆ ಸತ್ತದ್ದು ಯಾರು ಹೇಳಿ. ಕನ್ನಡದಲ್ಲಿ ಸಂದರ್ಭ ನೋಡಿ ಸುಧಾರಿಸಿಕೊಳ್ಳುತ್ತೇವೆ. ಇಂಗ್ಲಿಷ್ ಈ ಜಾಗದಲ್ಲಿ ಸಂದೇಹಕ್ಕೆ ಎಡೆ ಕೊಡುವುದಿಲ್ಲ, ಪದ ಕೂತ ಜಾಗವೇ ಉತ್ತರ ಹೇಳಿಬಿಡುತ್ತದೆ.

ಅದೇ ಕಾಲದಲ್ಲಿ ಜಾನ್ ಕ್ಲೈನ್‌ಬರ್ಗ್ ಎಂಬುವರು ಇನ್ನೊಂದು ದಾರಿ ಹೇಳಿದರು. ಪೇಜ್‌ಗಳಲ್ಲಿ ಎರಡು ಗುಣ ನೋಡಿ, ಹಬ್ ಮತ್ತು ಅಥಾರಿಟಿ. ಒಳ್ಳೆಯ ಹಬ್ ಅಂದರೆ ಒಳ್ಳೊಳ್ಳೆಯ ಅಥಾರಿಟಿಗಳ ಕಡೆ ಕೈ ತೋರಿಸುವುದು, ಒಳ್ಳೆಯ ಅಥಾರಿಟಿ ಅಂದರೆ ಒಳ್ಳೊಳ್ಳೆಯ ಹಬ್‌ಗಳು ಕೈ ತೋರಿಸುವುದು. ಇದನ್ನು ಇಂಗ್ಲಿಷಿನಲ್ಲಿ ಬರೆದರೆ: ‘ಎ ಗುಡ್ ಹಬ್ ಪಾಯಿಂಟ್ಸ್ ಟು ಮೆನಿ ಗುಡ್ ಅಥಾರಿಟೀಸ್; ಎ ಗುಡ್ ಅಥಾರಿಟಿ ಈಸ್ ಪಾಯಿಂಟೆಡ್ ಟು ಬೈ ಮೆನಿ ಗುಡ್ ಹಬ್ಸ್.’ ಆ ‘ಟು ಬೈ’ ನೋಡಿ! ಎರಡು ಪ್ರಿಪೊಸಿಷನ್ ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಮೊದಲ ಸಲ ನೋಡಿದಾಗ ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಂಡಿದ್ದೆ. ಅಲ್ಲ. ‘ಪಾಯಿಂಟ್ ಟು’ ಒಂದು ಜೋಡಿ, ಪ್ಯಾಸಿವ್ ಮಾಡಿದರೂ ಆ ‘ಟು’ ಬಿಟ್ಟು ಹೋಗುವುದಿಲ್ಲ. ಆಮೇಲೆ ಯಾರಿಂದ ಅನ್ನಲು ‘ಬೈ’. ರಾಮ-ರಾವಣರ ಪ್ಯಾಸಿವ್‌ನಲ್ಲಿ ಇದು ಸಿಗುತ್ತಿರಲಿಲ್ಲ.

ಅಭ್ಯಾಸ ಹೀಗೆ ಮಾಡಿ. ಇಂಥ ವಾಕ್ಯ ಸಿಕ್ಕಾಗಲೆಲ್ಲ ಪೆನ್ಸಿಲ್‌ನಲ್ಲಿ ಎರಡು ಡಬ್ಬ ಬರೆದು ಬಾಣ ಹಾಕಿ. ಬಾಣ ಹಾಕಲು ಬಂದರೆ ಗ್ರಾಮರ್ ಬಂತು ಅಂತ ಅರ್ಥ. ಬಾಣ ಯಾವ ಕಡೆ ಅಂತ ಅನುಮಾನ ಬಂದರೆ ವಾಕ್ಯ ಮತ್ತೆ ಓದಿ.

ಮಸ್ಟ್, ಶುಡ್, ಮೇ: ಮೂರಕ್ಕೂ ಏನು ವ್ಯತ್ಯಾಸ?

ಶಾಲೆಯಲ್ಲಿ ಮಸ್ಟ್ ಅಂದರೂ ‘ಬೇಕು’, ಶುಡ್ ಅಂದರೂ ‘ಬೇಕು’ ಅಂತ ಬರೆದುಕೊಂಡಿದ್ದೆವು. ಇಂಟರ್ನೆಟ್ ನಿಯಮಗಳನ್ನು ಬರೆಯುವವರಿಗೆ ಅಷ್ಟಕ್ಕೆ ಬಿಡಲು ಆಗುವುದಿಲ್ಲ, ಯಂತ್ರ ಅದನ್ನು ಪಾಲಿಸಬೇಕಲ್ಲ. ಅದಕ್ಕೇ 1997ರಲ್ಲಿ ಈ ಪದಗಳ ಅರ್ಥವನ್ನೇ ನಿಗದಿ ಮಾಡಿ ಒಂದು ದಾಖಲೆ ಬಂತು, ಆರ್‌ಎಫ್‌ಸಿ 2119 (ಇಂಟರ್ನೆಟ್ ನಿಯಮಗಳ ಇಂಥ ದಾಖಲೆಗಳಿಗೆ ಆರ್‌ಎಫ್‌ಸಿ ಅಂತಾರೆ). ಪುಟ್ಟದು, ಒಂದು ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಯುತ್ತದೆ. ಮಸ್ಟ್ ಅಂದರೆ ಮಾಡಲೇಬೇಕು, ಮಾತೇ ಇಲ್ಲ. ಶುಡ್ ಅಂದರೆ ಮಾಡಬೇಕು, ಆದರೆ ಸರಿಯಾದ ಕಾರಣ ಇದ್ದರೆ, ಪರಿಣಾಮ ಯೋಚಿಸಿ ಬಿಡಬಹುದು. ಮೇ ಅಂದರೆ ಮಾಡಬಹುದು, ಬಿಡಲೂಬಹುದು. ಇಂಗ್ಲಿಷಿನವರು ಪದವನ್ನೇ ಬದಲಿಸುತ್ತಾರೆ, ನಾವು ನಡುವೆ ಒಂದು ‘ಲೇ’ ಸೇರಿಸಿ ಕೆಲಸ ಮುಗಿಸುತ್ತೇವೆ. 2017ರಲ್ಲಿ ಇನ್ನೊಂದು ತಿದ್ದುಪಡಿ ಬಂತು: ಈ ವಿಶೇಷ ಅರ್ಥ ಇರುವುದು ಪದವನ್ನು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಬರೆದಾಗ ಮಾತ್ರ. ಸಣ್ಣ ಅಕ್ಷರದಲ್ಲಿದ್ದರೆ ಅದು ಮಾಮೂಲಿ ಇಂಗ್ಲಿಷ್.

ಇವನ್ನು ನೋಡಲು ಒಳ್ಳೆಯ ಜಾಗ ರೋಬಾಟ್ಸ್ ಡಾಟ್ ಟೆಕ್ಸ್ಟ್ ಫೈಲಿನ ನಿಯಮಾವಳಿ, ಆರ್‌ಎಫ್‌ಸಿ 9309. ಕ್ರಾಲರ್‌ಗಳಿಗೆ ‘ಇಲ್ಲಿ ಬಾ, ಅಲ್ಲಿ ಬರಬೇಡ’ ಅಂತ ಹೇಳುವ ಫೈಲ್ ಅದು. 1994ರಲ್ಲಿ ಮಾರ್ಟೈನ್ ಕೋಸ್ಟರ್ ಶುರು ಮಾಡಿದ ಈ ಪದ್ಧತಿ ಬರೀ ಬಾಯಿಮಾತಿನ ಒಪ್ಪಂದದ ಹಾಗೆ ನಡೆದುಕೊಂಡು ಬಂದು ಕೊನೆಗೆ 2022ರಲ್ಲಿ ಆರ್‌ಎಫ್‌ಸಿ ಆಯಿತು. ಅದರಲ್ಲಿ ಒಂದು ಮಾತಿದೆ: ಕ್ರಾಲರ್ ತಾನು ಉಳಿಸಿಟ್ಟುಕೊಂಡ ಹಳೇ ಪ್ರತಿಯನ್ನು 24 ಗಂಟೆಗಿಂತ ಹೆಚ್ಚು ಬಳಸುವುದು ಸರಿಯಲ್ಲ, ಹೊಸ ಫೈಲ್ ಕೈಗೆ ಸಿಗದೇ ಹೋದರೆ ಮಾತ್ರ ಬೇರೆ ಮಾತು. ಅಲ್ಲಿರುವುದು ‘ಶುಡ್ ನಾಟ್’, ‘ಮಸ್ಟ್ ನಾಟ್’ ಅಲ್ಲ. ಜೊತೆಗೆ ‘ಅನ್‌ಲೆಸ್’. ಒಂದೇ ವಾಕ್ಯದಲ್ಲಿ ಎರಡು ಪಾಠ.

‘ಮೇ’ ಅಂದರೆ ‘ಬಹುದು’, ಅಷ್ಟೇ ತಾನೇ? ಅದರಲ್ಲಿ ತಪ್ಪು ಮಾಡುವುದೇನಿದೆ?

ನಾನು ಮಾಡಿದ್ದೇನೆ, ಕೇಳಿ. ಕೆಲಸಕ್ಕೆ ಸೇರಿದ ಹೊಸತು. ಒಂದು ಕೋಚಿಂಗ್ ಸೆಂಟರ್‌ನವರು ಹಳೇ ಫೀಸ್ ಪಟ್ಟಿಯ ಪೇಜು ಗೂಗಲ್‌ನಲ್ಲಿ ಕಾಣಬಾರದು ಅಂದರು. ನಾನು ರೋಬಾಟ್ಸ್ ಡಾಟ್ ಟೆಕ್ಸ್ಟ್‌ನಲ್ಲಿ ಆ ಪೇಜಿಗೆ ಡಿಸಲೋ, ಅಂದರೆ ‘ಬರಬೇಡ’ ಅನ್ನುವ ಸಾಲು, ಹಾಕಿ, ‘ಇನ್ನು ಕಾಣಲ್ಲ ಸರ್’ ಅಂತ ಭರವಸೆ ಕೊಟ್ಟೆ. ನಾನು ಓದಿದ್ದ ವಿವರಣೆಯಲ್ಲಿ ಸ್ಪಷ್ಟವಾಗಿ ಇತ್ತು, ಬ್ಲಾಕ್ ಮಾಡಿದ ಪೇಜು ‘ಮೇ ಸ್ಟಿಲ್ ಬಿ ಇಂಡೆಕ್ಸ್ಡ್’ ಅಂತ. ‘ಮೇ’ ಅಂದರೆ ಪರ್ಮಿಷನ್, ಯಾರಿಗೋ ಏನೋ ಅನುಮತಿ ಕೊಟ್ಟಿದ್ದಾರೆ ಅಂದುಕೊಂಡು ಮುಂದೆ ಹೋಗಿದ್ದೆ. ‘ಸ್ಟಿಲ್’ ಕಣ್ಣಿಗೇ ಬಿದ್ದಿರಲಿಲ್ಲ. ಅದರ ಅರ್ಥ ‘ಅಷ್ಟಾದರೂ ಇಂಡೆಕ್ಸ್ ಆಗುವ ಸಾಧ್ಯತೆ ಇದೆ’ ಅಂತ. ಬೇರೆ ಸೈಟಿನವರು ಆ ಪೇಜಿಗೆ ಲಿಂಕ್ ಕೊಟ್ಟಿದ್ದರು. ಕೆಲವು ವಾರದ ಮೇಲೆ ಹುಡುಕಿದರೆ ಪೇಜು ಅಲ್ಲೇ ಕೂತಿದೆ, ಕೆಳಗೆ ವಿವರಣೆ ಇಲ್ಲ ಅಷ್ಟೇ. ‘ಕಾಣಲ್ಲ ಅಂದಿದ್ರಲ್ಲ’ ಅಂತ ಫೋನ್ ಬಂತು.

ಸರಿಯಾದ ದಾರಿ ಪೇಜಿನಲ್ಲೇ ನೋಇಂಡೆಕ್ಸ್ ಟ್ಯಾಗ್, ಅಂದರೆ ‘ಇದನ್ನು ಇಂಡೆಕ್ಸ್‌ಗೆ ಸೇರಿಸಬೇಡ’ ಅನ್ನುವ ಗುರುತು, ಹಾಕುವುದು. ಅದನ್ನು ಗೂಗಲ್ ಓದಬೇಕಾದರೆ ಪೇಜಿನ ಒಳಗೆ ಬರಬೇಕು, ಹಾಗಾಗಿ ಮೊದಲು ನಾನು ಹಾಕಿದ ಡಿಸಲೋವನ್ನು ನಾನೇ ತೆಗೆಯಬೇಕಾಯಿತು. ಅಂದಿನಿಂದ ಎಲ್ಲಿ ‘ಮೇ’ ಕಂಡರೂ ಮೊದಲು ಕೇಳಿಕೊಳ್ಳುತ್ತೇನೆ: ಇದು ಅನುಮತಿಯ ‘ಬಹುದು’ ಆ, ಸಾಧ್ಯತೆಯ ‘ಬಹುದು’ ಆ?

ಟೆನ್ಸ್‌ಗೆ ಏನಾದರೂ ಸುಲಭ ಉಪಾಯ?

ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಟೂಲ್ ತೆರೆಯಿರಿ, ಅಥವಾ ಇರುವವರ ಹತ್ತಿರ ತೋರಿಸಿ ಅನ್ನಿ. ಅಲ್ಲಿ ಪೇಜುಗಳ ಸ್ಥಿತಿ ಹೀಗೆ ಬರೆದಿರುತ್ತದೆ: ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’. ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’. ‘ಇಂಡೆಕ್ಸ್ಡ್, ದೋ ಬ್ಲಾಕ್ಡ್ ಬೈ ರೋಬಾಟ್ಸ್ ಡಾಟ್ ಟೆಕ್ಸ್ಟ್’, ಇದು ನನ್ನ ಹಳೇ ಗೆಳೆಯ. ಇವು ಪೂರ್ತಿ ವಾಕ್ಯಗಳಲ್ಲ, ಎಲುಬು ಮಾತ್ರ. ಮಾಂಸ ನೀವು ತುಂಬಿ: ‘ದ ಪೇಜ್ ಹ್ಯಾಸ್ ಬೀನ್ ಕ್ರಾಲ್ಡ್, ಬಟ್ ಇಟ್ ಈಸ್ ಕರೆಂಟ್ಲಿ ನಾಟ್ ಇಂಡೆಕ್ಸ್ಡ್.’ ಕ್ರಾಲ್ ಆಗಿ ಹೋಗಿದೆ, ಫಲ ಈಗಲೂ ಇದೆ, ಅದಕ್ಕೇ ‘ಹ್ಯಾಸ್ ಬೀನ್’. ಸದ್ಯಕ್ಕೆ ಇಂಡೆಕ್ಸ್‌ನಲ್ಲಿ ಇಲ್ಲ, ಅದಕ್ಕೇ ‘ಈಸ್’. ದಿನಕ್ಕೆ ಒಂದು ಸ್ಟೇಟಸ್ ಹೀಗೆ ಪೂರ್ತಿ ಮಾಡಿ.

ನಮ್ಮ ‘ಮಾಡಿತು’ ಅಂದರೆ ಸಿಂಪಲ್ ಪಾಸ್ಟ್, ‘ಮಾಡಿದೆ’ ಅಂದರೆ ಪ್ರೆಸೆಂಟ್ ಪರ್ಫೆಕ್ಟ್. ತುಂಬಾ ಕಡೆ ಇದು ಹೊಂದುತ್ತದೆ. ಕೈ ಕೊಡುವುದು ಒಂದೇ ಕಡೆ: ಕನ್ನಡದಲ್ಲಿ ‘ಗೂಗಲ್ ನಿನ್ನೆ ಇಂಡೆಕ್ಸ್ ಮಾಡಿದೆ’ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಬಂದ ಕೂಡಲೇ ‘ಹ್ಯಾಸ್’ ಜಾಗ ಖಾಲಿ ಮಾಡಬೇಕು. ಇಸವಿ ಬಂದರೂ ಅಷ್ಟೇ. ಗೂಗಲ್ ತನ್ನ ಸರ್ಚ್‌ನಲ್ಲಿ ಮಾಡಿದ ದೊಡ್ಡ ಬದಲಾವಣೆಗಳಲ್ಲಿ ಪಾಂಡಾ ಅಪ್‌ಡೇಟ್ 2011ರ ಫೆಬ್ರವರಿಯಲ್ಲಿ ಬಂತು, ಪೆಂಗ್ವಿನ್ 2012ರ ಏಪ್ರಿಲ್‌ನಲ್ಲಿ: ಎರಡೂ ಬರೀ ‘ರೋಲ್ಡ್ ಔಟ್’, ‘ಹ್ಯಾಸ್’ ಇಲ್ಲ.

ಮತ್ತೆ ದಯವಿಟ್ಟು ‘ಗೂಗಲ್ ಈಸ್ ಹ್ಯಾವಿಂಗ್ ಮೆನಿ ಸಿಗ್ನಲ್ಸ್’ ಅಂತ ಬರೆಯಬೇಡಿ. ಯಾವಾಗಲೂ ಇರುವುದಕ್ಕೆ, ಯಾವಾಗಲೂ ಮಾಡುವುದಕ್ಕೆ ‘ಹ್ಯಾಸ್’, ‘ಕ್ರಾಲ್ಸ್’, ‘ರ‍್ಯಾಂಕ್ಸ್’ ಸಾಕು.

ಎಸ್ ಸೇರಿಸಬಾರದ ಪದಗಳು ಯಾವುವು?

ಇನ್ಫರ್ಮೇಷನ್, ಟ್ರಾಫಿಕ್, ಸಾಫ್ಟ್‌ವೇರ್, ರೀಸರ್ಚ್, ಫೀಡ್‌ಬ್ಯಾಕ್. ಸೈಟ್‌ಗೆ ಬರೆಯುವ ವಿಷಯದ ಅರ್ಥದಲ್ಲಿ ಕಂಟೆಂಟ್ ಕೂಡ. ಅಕ್ಕಿ, ನೀರು, ಸಕ್ಕರೆಗೆ ನಾವು ‘ಗಳು’ ಸೇರಿಸುತ್ತೇವಾ? ಹಾಗೆ.

ಏನು ಓದಲಿ, ಯಾವುದರಿಂದ ಶುರು ಮಾಡಲಿ?

ಗೂಗಲ್‌ನವರದ್ದೇ ಎಸ್‌ಇಒ ಸ್ಟಾರ್ಟರ್ ಗೈಡ್ ಇದೆ, ಉಚಿತ, ಸರಳ. ಅಲ್ಲಿಂದ ಶುರು ಮಾಡಿ. ಆಮೇಲೆ ಮೇಲೆ ಹೇಳಿದ ಆರ್‌ಎಫ್‌ಸಿಗಳು. ಆಮೇಲೆ ಸರ್ಚ್ ಫಲಿತಾಂಶಕ್ಕೆ ಅಂಕ ಹಾಕುವ ರೇಟರ್‌ಗಳಿಗೆ ಅಂತ ಗೂಗಲ್ ಮಾಡಿರುವ ಮಾರ್ಗಸೂಚಿ, ನೂರೈವತ್ತು ಪುಟ ದಾಟುತ್ತದೆ, ಪೂರ್ತಿ ಓದಲು ಹೋಗಬೇಡಿ. ಅದರಲ್ಲಿ ಅಂಕ ಹಾಕುವ ಭಾಗ ಆ್ಯಡ್‌ವರ್ಬ್‌ಗೆ ಚಿನ್ನದ ಗಣಿ: ‘ಫುಲ್ಲಿ ಮೀಟ್ಸ್’, ‘ಹೈಲಿ ಮೀಟ್ಸ್’, ‘ಮಾಡರೇಟ್ಲಿ ಮೀಟ್ಸ್’, ‘ಸ್ಲೈಟ್ಲಿ ಮೀಟ್ಸ್’, ಕೊನೆಗೆ ‘ಫೇಲ್ಸ್ ಟು ಮೀಟ್’. ಈ ‘ಫೇಲ್ಸ್ ಟು’ ಪರೀಕ್ಷೆಯಲ್ಲಿ ಫೇಲ್ ಆಗುವುದಲ್ಲ, ‘ಆಗಬೇಕಿತ್ತು, ಆಗಲಿಲ್ಲ’ ಅಂತ ಹೇಳುವ ರೀತಿ. ಬ್ರಿನ್ ಮತ್ತು ಪೇಜ್ ಅವರ 1998ರ ಪ್ರಬಂಧ ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಫಾರ್ಮುಲಾ ಬಂದ ಕಡೆ ಹೆದರಬೇಡಿ, ಅದರ ಸುತ್ತ ಇರುವ ವಾಕ್ಯಗಳೇ ನಮಗೆ ಬೇಕಾದದ್ದು.

ಯಾರ‍್ಯಾರೋ ಬರೆಯುವ ‘ಹತ್ತು ದಿನದಲ್ಲಿ ನಂಬರ್ ಒನ್’ ಲೇಖನಗಳು ಬೇಡ. ಅವುಗಳ ಇಂಗ್ಲಿಷೂ ಅಷ್ಟಕ್ಕಷ್ಟೇ, ವಿಷಯವೂ ಅಷ್ಟಕ್ಕಷ್ಟೇ.

ದಿನಕ್ಕೆ ಎಷ್ಟು ಹೊತ್ತು? ವಿಧಾನ ಏನು?

ಐದು ವಾಕ್ಯ ಸಾಕು, ಇಪ್ಪತ್ತು ನಿಮಿಷ. ಎಡಗಡೆ ಇಂಗ್ಲಿಷ್ ವಾಕ್ಯ ಬರೆಯಿರಿ, ಬಲಗಡೆ ಅದರ ಕನ್ನಡ, ನಿಮ್ಮ ಮನೆ ಕನ್ನಡದಲ್ಲೇ. ಮರುದಿನ ಎಡಗಡೆ ಮುಚ್ಚಿ, ಬಲಗಡೆಯದನ್ನು ನೋಡಿ ಮತ್ತೆ ಇಂಗ್ಲಿಷ್ ಬರೆಯಿರಿ. ಆಮೇಲೆ ಹೋಲಿಸಿ. ವ್ಯತ್ಯಾಸ ಬಂದ ಕಡೆ ಕೆಂಪು ಪೆನ್. ಎರಡು ವಾರದ ಮೇಲೆ ಕೆಂಪು ಎಲ್ಲಿ ಜಾಸ್ತಿ ಇದೆ ನೋಡಿ, ಅದೇ ನಿಮ್ಮ ರೋಗ. ನನ್ನದರಲ್ಲಿ ‘ದ’ ಸುತ್ತ ಕೆಂಪೋ ಕೆಂಪು.

ಈಗ ಎಐ ಎಲ್ಲ ತಿದ್ದಿಕೊಡುತ್ತದೆ. ಇಷ್ಟೆಲ್ಲ ಯಾಕೆ?

ಬರೆದದ್ದನ್ನು ತಿದ್ದಿಕೊಡುತ್ತದೆ, ಸರಿ. ನನ್ನ ‘ಮೇ ಸ್ಟಿಲ್’ ಕಥೆಯಲ್ಲಿ ನಾನು ಬರೆದದ್ದು ತಪ್ಪಿರಲಿಲ್ಲ, ಓದಿದ್ದು ತಪ್ಪಿತ್ತು.

ಗ್ರಾಮರ್ ಸರಿ ಇದ್ದರೆ ಗೂಗಲ್‌ನಲ್ಲಿ ರ‍್ಯಾಂಕ್ ಮೇಲೆ ಬರುತ್ತಾ?

ಹಾಗೆ ಸಲೀಸಾಗಿ ಬರುವುದಿಲ್ಲ. ಸೈಟ್ ಇರುವವರು ತಮ್ಮನ್ನು ತಾವೇ ಕೇಳಿಕೊಳ್ಳಲಿ ಅಂತ ಗೂಗಲ್ ಕೊಟ್ಟಿರುವ ಪ್ರಶ್ನೆಗಳಲ್ಲಿ ‘ಸ್ಪೆಲಿಂಗ್ ತಪ್ಪು, ಶೈಲಿಯ ತಪ್ಪು ಇದೆಯಾ’ ಅನ್ನೋದೂ ಒಂದು, ಅದು ನಿಜ. ಆದರೆ ‘ದ’ ಒಂದು ಸೇರಿಸಿದ್ದಕ್ಕೆ ಹತ್ತನೇ ಜಾಗದಿಂದ ಒಂಬತ್ತಕ್ಕೆ ಏರುತ್ತೀರಿ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ.

ಟೆಕ್ನಿಕಲ್ ಬರಹದಲ್ಲೇ ತಪ್ಪು ಇದ್ದರೆ? ಅದನ್ನೇ ಕಲಿತುಬಿಟ್ಟರೆ?

ಇರುತ್ತವೆ, ಇಂಗ್ಲಿಷಿನವರೂ ಮನುಷ್ಯರೇ. ನೀವು ಯಾವ ಪೇಜಿನಿಂದ ಬಂದಿರಿ ಅಂತ ಬ್ರೌಸರ್ ತಿಳಿಸುವ ಒಂದು ಹೆಡರ್ ಇದೆ, ‘ರೆಫರರ್’. ಅದರ ಸ್ಪೆಲಿಂಗ್‌ನಲ್ಲಿ ನಡುವೆ ಎರಡು ಆರ್ ಇರಬೇಕು. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಒಂದೇ ಆರ್ ಹಾಕಿಬಿಟ್ಟರು, 1996ರ ಆರ್‌ಎಫ್‌ಸಿಯಲ್ಲೂ ಹಾಗೇ ಅಚ್ಚಾಯಿತು, ಈಗ ತಿದ್ದಿದರೆ ಎಲ್ಲ ಮುರಿಯುತ್ತದೆ. ಹಾಗಾಗಿ ಆ ತಪ್ಪೇ ಸರಿ. ಸರ್ಚ್ ಕನ್ಸೋಲ್‌ನಲ್ಲೂ ಒಂದು ಸ್ಟೇಟಸ್ ಇದೆ: ‘ಡೂಪ್ಲಿಕೇಟ್, ಗೂಗಲ್ ಚೋಸ್ ಡಿಫರೆಂಟ್ ಕೆನಾನಿಕಲ್ ದ್ಯಾನ್ ಯೂಸರ್’. ಕೆನಾನಿಕಲ್ ಅಂದರೆ ಒಂದೇ ಥರದ ಪೇಜುಗಳಲ್ಲಿ ಮುಖ್ಯ ಅಂತ ಆರಿಸಿದ್ದು. ಇಲ್ಲಿ ‘ಎ’, ‘ದ’ ಎರಡೂ ಕಾಣೆ, ಜಾಗ ಉಳಿಸಲು ಹಾಗೆ ಮಾಡಿರಬೇಕು. ‘ಡಿಫರೆಂಟ್ ದ್ಯಾನ್’ ಅಮೆರಿಕದವರ ರೂಢಿ, ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದು ‘ಡಿಫರೆಂಟ್ ಫ್ರಂ’. ಎರಡನೆಯದನ್ನೇ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಒಂದಿಷ್ಟು ವಾಕ್ಯ ಕೊಡಿ.

ಇವೆಲ್ಲ ನಿಜವಾದ ಮೇಲ್‌ಗಳಲ್ಲಿ ನಾನು ನೋಡಿದ ರೀತಿಯ ತಪ್ಪುಗಳು, ಅರ್ಧ ನನ್ನವೇ.

‘ಅವರ್ ಪೇಜ್ ಈಸ್ ನಾಟ್ ರ‍್ಯಾಂಕಿಂಗ್ ಸಿನ್ಸ್ ಟು ಮಂತ್ಸ್.’ ಎರಡು ತಪ್ಪು. ‘ಹ್ಯಾಸ್ ನಾಟ್ ಬೀನ್ ರ‍್ಯಾಂಕಿಂಗ್ ಫಾರ್ ಟು ಮಂತ್ಸ್’ ಆಗಬೇಕು.

‘ದ ಸರ್ವರ್ ರಿಟರ್ನ್ಸ್ ಬ್ಯಾಕ್ ಆ್ಯನ್ 404.’ ರಿಟರ್ನ್ ಅಂದ ಮೇಲೆ ಬ್ಯಾಕ್ ಬೇಡ. ಆ್ಯನ್ ಯಾಕೆ ತಪ್ಪು ಅಂತ ಮೇಲೆ ಹೇಳಿದ್ದೇನೆ.

‘ಇಫ್ ಯು ವಿಲ್ ಬ್ಲಾಕ್ ದ ಪೇಜ್, ಗೂಗಲ್ ವಿಲ್ ನಾಟ್ ಕ್ರಾಲ್ ಇಟ್.’ ಮೊದಲ ‘ವಿಲ್’ ತೆಗೆಯಿರಿ. ಕನ್ನಡದಲ್ಲೂ ‘ಬ್ಲಾಕ್ ಮಾಡಿದರೆ’ ಅಂತೀವಿ, ಮುಂದೆ ಆಗುವ ಮಾತಾದರೂ ಅಲ್ಲಿ ಭವಿಷ್ಯದ ಗುರುತು ಇಲ್ಲ.

‘ಗೂಗಲ್ ಹ್ಯಾಸ್ ಇಂಡೆಕ್ಸ್ಡ್ ಇಟ್ ಆನ್ ಮಂಡೇ.’ ದಿನ ಹೇಳಿದ ಮೇಲೆ ‘ಹ್ಯಾಸ್’ ಇಲ್ಲ.

‘ದಿಸ್ ಪೇಜ್ ಈಸ್ ಲಿಂಕ್ಡ್ ಬೈ ಮೆನಿ ಸೈಟ್ಸ್.’ ಇಲ್ಲಿ ಒಂದು ಸಣ್ಣ ಪದ ಕಾಣೆಯಾಗಿದೆ. ಯಾವುದು, ಎಲ್ಲಿ ಕೂರಬೇಕು ಅಂತ ನಾನು ಹೇಳುವುದಿಲ್ಲ, ಎರಡು ಡಬ್ಬ ಬರೆದು ಬಾಣ ಹಾಕಿ ನೋಡಿ.